ತೂತು ಹುಡುಕುವ ಮಾಸ್ತರು

ಜೆರಾಕ್ಸ್ ಯಂತ್ರದಿಂದ ಆಗಷ್ಟೇ ಹೊರಬಿದ್ದ ಹಾಳೆಗೆ ಒಂದು ವಾಸನೆ ಇರುತ್ತದೆ. ಬಿಸಿ, ಒಣ, ನಾಲಿಗೆಯ ತುದಿಗೆ ಸ್ವಲ್ಪ ಕಹಿ. ಕಳೆದ ವಾರ ದಿಲ್‌ಸುಖ್‌ನಗರದ ಮೆಟ್ರೋ ಮೆಟ್ಟಿಲ ಪಕ್ಕದ ಅಂಗಡಿಯಲ್ಲಿ ಮಗಳ ಶಾಲೆಗೆ ಬೇಕಾದ ಕಾಗದಗಳ ನಕಲು ತೆಗೆಸುತ್ತಿದ್ದೆ. ಅಂಗಡಿಯಾತ ಹಾಳೆಗಳನ್ನು ಕೈಗಿಟ್ಟದ್ದೇ ತಡ, ಅವನ್ನು ಮೂಗಿಗೆ ಹಿಡಿದಿದ್ದೆ. ಬೇಕೆಂದು ಮಾಡಿದ್ದಲ್ಲ… ಕೈ ತಾನಾಗಿ ಹೋಯಿತು.

ಅಂಗಡಿಯಾತ ನಕ್ಕ. “ರೀಸನಿಂಗ್ ಸಾರ್ ಸ್ಟೂಡೆಂಟ್ ಕದಾ ಮೀರು?” ಎಂದ. ರೀಸನಿಂಗ್ ಸರ್ ಶಿಷ್ಯೆ ತಾನೇ ಎಂದು ಕೇಳಿದ್ದ, ಹೌದೆಂದೆ. ಕೋಚಿಂಗ್ ಸೆಂಟರಿನಲ್ಲಿ ನಮಗೆ ಕಲಿಸುತ್ತಿದ್ದ ಸರ್ ತಮ್ಮ ಪ್ರಶ್ನೆಪತ್ರಿಕೆಗಳನ್ನು ಇಲ್ಲೇ ನಕಲು ಮಾಡಿಸುತ್ತಿದ್ದರು. ಬಿಸಿ ಆರುವ ಮೊದಲೇ ಅವು ನಮ್ಮ ಕೈಗೆ ಬರುತ್ತಿದ್ದವು, ಚಳಿಗಾಲದ ಬೆಳಗ್ಗೆ ಹುಡುಗಿಯರೆಲ್ಲ ಕೆನ್ನೆಗೆ ಒತ್ತಿಕೊಳ್ಳುತ್ತಿದ್ದೆವು. ಸರ್ ಹೇಗಿದ್ದಾರೆ ಎಂದು ಕೇಳಿದೆ. ಆತ ಯಂತ್ರದ ಮುಚ್ಚಳ ಮುಚ್ಚಿದ. “ಸಾರ್ ಪೋಯಾರಮ್ಮಾ.” ತೀರಿಕೊಂಡು ಎರಡು ತಿಂಗಳ ಮೇಲಾಯಿತಂತೆ. ನನ್ನ ಹಿಂದೆ ನಿಂತಿದ್ದ ಹುಡುಗನೊಬ್ಬ ಆಧಾರ್ ಕಾರ್ಡಿನ ಎರಡೂ ಬದಿ ಬೇಕೆಂದು ಅವಸರ ಮಾಡುತ್ತಿದ್ದ. ನಾನು ಪಕ್ಕಕ್ಕೆ ಸರಿದೆ.

ಮನೆಗೆ ಹೋಗಬೇಕಿತ್ತು. ಹೋಗಲಿಲ್ಲ. ಮೆಟ್ಟಿಲು ಹತ್ತಿ ಮಿಯಾಪುರದ ರೈಲು ಹಿಡಿದೆ. ಆತ್ಯಾಗೆ ಹೇಳಬೇಕಿತ್ತು, ಅದು ಫೋನಿನಲ್ಲಿ ಹೇಳುವ ಮಾತಾಗಿರಲಿಲ್ಲ. ಆತ್ಯಾ ಎಂದರೆ ನನ್ನ ಅಪ್ಪನ ತಂಗಿ. ಈ ರೈಲುದಾರಿಯ ಆ ತುದಿಯಲ್ಲಿ, ಮಿಯಾಪುರದ ಒಂದು ಫ್ಲ್ಯಾಟಿನಲ್ಲಿ ಇರುತ್ತಾಳೆ. ಆಕೆ ಅಲ್ಲಿರುವುದಕ್ಕೂ ಸರ್‌ಗೂ ಸಂಬಂಧವಿದೆ. ಎಷ್ಟು ಸಂಬಂಧ ಎನ್ನುವುದರಲ್ಲಿ ನಮ್ಮ ಮನೆಯವರಲ್ಲೇ ಒಮ್ಮತವಿಲ್ಲ.

ನಾನು ಸರ್ ಹತ್ತಿರ ಕಲಿತಾಗ ಈ ಮೆಟ್ರೋ ಓಡುತ್ತಿರಲಿಲ್ಲ. ಅದರ ಕಂಬಗಳು ಏಳುತ್ತಿದ್ದವು, ರಸ್ತೆ ಅರ್ಧ ತಗಡಿನ ಬೇಲಿಯೊಳಗಿತ್ತು. ಮೂರನೇ ಮಹಡಿಯ ಕೋಚಿಂಗ್ ಸೆಂಟರಿನ ಕಿಟಕಿ ತೆರೆದರೆ ಧೂಳು, ಮುಚ್ಚಿದರೆ ಬೆವರು. ಬ್ಯಾಂಕ್ ಪರೀಕ್ಷೆಗೆ ಓದುವವರೂ ಎಂಬಿಎ ಪ್ರವೇಶಕ್ಕೆ ಓದುವವರೂ ಒಂದೇ ಬೆಂಚಿನಲ್ಲಿ ಕೂರುತ್ತಿದ್ದೆವು. ಸರ್ ಕಲಿಸುತ್ತಿದ್ದದ್ದು ಕ್ರಿಟಿಕಲ್ ರೀಸನಿಂಗ್. ಅದರಲ್ಲೂ ಒಂದು ಬಗೆಯ ಪ್ರಶ್ನೆ ಅವರಿಗೆ ಪ್ರಾಣ. ಯಾರೋ ಒಂದು ಯೋಜನೆ ಹಾಕಿರುತ್ತಾರೆ, ಕೆಳಗೆ ಐದು ಹೇಳಿಕೆಗಳಿರುತ್ತವೆ. ಅವುಗಳಲ್ಲಿ ಯಾವುದು ಆ ಯೋಜನೆಯ ದೌರ್ಬಲ್ಯವನ್ನು ತೋರಿಸುತ್ತದೆ, ಅದನ್ನು ಆರಿಸಬೇಕು.

ಒಂದು ಪ್ರಶ್ನೆ ಈಗಲೂ ಬಾಯಿಪಾಠವಿದೆ. ಒಂದು ಊರಿನ ಪುರಸಭೆ ಸೊಳ್ಳೆಗಳನ್ನು ಕಡಿಮೆ ಮಾಡಲು ಕೆರೆಗೆ ಮೀನು ಬಿಡುತ್ತದೆ. ಆ ಮೀನುಗಳು ಸೊಳ್ಳೆಯ ಮರಿಗಳನ್ನು ತಿನ್ನುತ್ತವೆ. ಈ ಯೋಜನೆಯಲ್ಲಿ ತೂತು ಎಲ್ಲಿ? ಇಡೀ ತರಗತಿ ಮೀನು ದುಬಾರಿ ಎಂಬ ಹೇಳಿಕೆಗೆ ಬೆರಳೆತ್ತಿತು. ಸರ್ ಮಾರ್ಕರ್ ಪೆನ್ನಿನಿಂದ ಬೋರ್ಡಿಗೆ ಕುಟ್ಟಿದರು. ತೆಲುಗು ಬೆರೆತ ಇಂಗ್ಲಿಷಿನಲ್ಲಿ ಕೂಗುತ್ತಿದ್ದವರು ಸಿಟ್ಟು ಬಂದಾಗ ಮಾತ್ರ ನಮ್ಮ ಕಡೆಯ ಕನ್ನಡಕ್ಕೆ ಇಳಿಯುತ್ತಿದ್ದರು. “ಗುರಿ ಏನೈತಿ? ಸೊಳ್ಳಿ ಕಡಿಮಿ ಮಾಡೂದು. ರೊಕ್ಕಾ ಉಳಸೂದು ಅಂತ ಯಾವ ಮಗಾ ಹೇಳ್ಯಾನ?” ಕನ್ನಡ ತಿಳಿಯದ ಹುಡುಗರೂ ತಲೆ ತಗ್ಗಿಸಿದರು. ಸರಿಯುತ್ತರ ಬೇರೆ ಇತ್ತು. ಆ ಊರಿನ ಸೊಳ್ಳೆಗಳು ಕೆರೆಯಲ್ಲಿ ಅಲ್ಲ, ಮನೆಮನೆಯ ಮಾಳಿಗೆಯ ಮೇಲಿನ ಡ್ರಮ್ಮುಗಳಲ್ಲಿ ಹುಟ್ಟುತ್ತಿದ್ದವು. ಮೊದಲು ಗುರಿ ಓದಿ, ಆಮೇಲೆ ತೂತು ಹುಡುಕಿ. ಸರ್ ಕಲಿಸಿದ್ದು ಇಷ್ಟೇ ಎಂದರೂ ನಡೆದೀತು.

ಅವರು ರಾಯಚೂರ ಕಡೆಯವರು. ಮದುವೆಯಾಗಿರಲಿಲ್ಲ. ಉದ್ದ ತೋಳಿನ ತಿಳಿನೀಲಿ ಅಂಗಿ ಹಾಕುತ್ತಿದ್ದರು ಎಂದು ಬರೆಯಹೊರಟೆ. ಆದರೆ ಒಂದೇ ಅಂಗಿ ತೊಟ್ಟು ಒಬ್ಬ ಮನುಷ್ಯ ಇಷ್ಟು ವರ್ಷ ನೆನಪಿನಲ್ಲಿ ನಿಂತಿದ್ದರೆ ಆ ಅಂಗಿ ನೆನಪೇ ಹೊಲಿದದ್ದಿರಬೇಕು. ಬಿಡುತ್ತೇನೆ. ನಗುತ್ತಿರಲಿಲ್ಲ ಎಂಬುದು ಮಾತ್ರ ಗೊತ್ತು. ತರಗತಿಯಲ್ಲಿ ಯಾರಾದರೂ ತಮಾಷೆ ಮಾಡಿದರೆ ಸರ್ ಅದನ್ನೂ ಒಂದು ಯೋಜನೆಯಂತೆ ಪರೀಕ್ಷಿಸಿ ನೋಡುತ್ತಿದ್ದರು, ಅಷ್ಟರಲ್ಲಿ ನಗು ಸತ್ತಿರುತ್ತಿತ್ತು.

ಭಾನುವಾರ ಅವರು ಬೇರೆ ಕೆಲಸ ಮಾಡುತ್ತಿದ್ದರು. ಇದನ್ನು ಹೊರಗಿನವರಿಗೆ ಹೇಳಿದರೆ ನಂಬುವುದಿಲ್ಲ. ಹೈದರಾಬಾದಿನಲ್ಲಿ ನೆಲೆ ನಿಂತ ನಮ್ಮಂಥ ಕನ್ನಡದ ಮನೆಗಳವರು, ಕಾರ್ಖಾನೆ ಕ್ವಾರ್ಟರ್ಸಿನವರು, ಕೇಂದ್ರ ಸರ್ಕಾರದ ನೌಕರರು, ತಮ್ಮ ತಮ್ಮ ಯೋಜನೆಗಳನ್ನು ಹಿಡಿದುಕೊಂಡು ಅವರ ಬಳಿ ಹೋಗುತ್ತಿದ್ದರು. ಜಾತಕ ತೋರಿಸಿದ ಹಾಗೆ. “ಮಾಸ್ತರ, ಒಂದು ತೂತು ನೋಡ್ರಿ” ಎನ್ನುತ್ತಿದ್ದರು. ಮಗನನ್ನು ಹಾಸ್ಟೆಲಿಗೆ ಹಾಕುವುದು, ಸ್ವಯಂನಿವೃತ್ತಿ ಪಡೆದು ಮೆಸ್ ತೆರೆಯುವುದು, ಕಾರು ಕೊಳ್ಳುವುದು, ಎಲ್ಲದಕ್ಕೂ. ಸರ್ ಕಣ್ಣು ಮುಚ್ಚಿ ಕೇಳುತ್ತಿದ್ದರು. ಮೊದಲು ಗುರಿ ಹೇಳಿಸುತ್ತಿದ್ದರು, ಆಮೇಲೆ ಯೋಜನೆ. ಕಣ್ಣು ತೆರೆದರೆಂದರೆ ತೂತು ಸಿಕ್ಕಿದೆ ಎಂದೇ ಅರ್ಥ.

ಅಪ್ಪನ ಜೊತೆ ಕೆಲಸ ಮಾಡುವವರೊಬ್ಬರು ನಿವೃತ್ತಿಯ ನಂತರ ನೆಮ್ಮದಿಯಿಂದ ಇರಲು ಶಂಶಾಬಾದಿನಲ್ಲಿ ನಿವೇಶನ ಕೊಳ್ಳುವ ಯೋಜನೆ ಹಾಕಿದ್ದರು. ಸರ್ ಕೇಳಿದರು, “ಶಾಂತಿ ಬೇಕಂತ ವಿಮಾನದ ಹೊಟ್ಟಿ ಕೆಳಗ ಮನಿ ಕಟ್ಟತೀರೇನ್ರಿ?” ಅವರು ಕೊಳ್ಳಲಿಲ್ಲ. ಕೆಲವೇ ವರ್ಷಗಳಲ್ಲಿ ಅಲ್ಲಿನ ನೆಲದ ಬೆಲೆ ಆಕಾಶಕ್ಕೆ ಹೋಯಿತು. ಆ ಗೃಹಸ್ಥರು ಯುಗಾದಿಯ ಕೂಟದಲ್ಲಿ ಎಲ್ಲರೆದುರು ಸರ್ ಮೇಲೆ ಹರಿಹಾಯ್ದರು. ಸರ್ ಹೋಳಿಗೆಗೆ ತುಪ್ಪ ಹಾಕಿಕೊಳ್ಳುತ್ತ, “ನೀವು ಶಾಂತಿ ಕೇಳಿದ್ರಿ. ರೊಕ್ಕಾ ಕೇಳಿದ್ರ ಬ್ಯಾರೆ ಹೇಳತಿದ್ನಿ” ಎಂದರು.

ಜನ ಮಾಡುತ್ತಿದ್ದ ಒಂದು ತಪ್ಪು ಅವರಿಗೆ ಬಹಳ ಬೇಸರ ತರಿಸುತ್ತಿತ್ತು. ತೂತು ತೋರಿಸಿದ ಕೂಡಲೇ ಯಾರಾದರೂ ಕೈ ಮುಗಿದು, “ಇದಕ್ಕ ಪರಿಹಾರ ಏನ್ರಿ ಮಾಸ್ತರ?” ಎಂದು ಕೇಳುತ್ತಿದ್ದರು, ಶನಿಕಾಟಕ್ಕೆ ಎಳ್ಳೆಣ್ಣೆ ದೀಪ ಕೇಳಿದ ಹಾಗೆ. ಇಲ್ಲವೇ ಒಂದು ತೂತು ಕಂಡದ್ದೇ ತಡ ಯೋಜನೆಯನ್ನೇ ಬಿಟ್ಟುಬಿಡುತ್ತಿದ್ದರು, ಜಾತಕ ಕೂಡದ ಹೆಣ್ಣನ್ನು ಬಿಟ್ಟಂತೆ. “ದೌರ್ಬಲ್ಯ ಅಂದ್ರ ಸಾವಲ್ರಿ” ಎಂದು ಸರ್ ಹೇಳಿ ಹೇಳಿ ಸೋತರು. “ಪರಿಹಾರ ಅನ್ನೂದು ನನ್ನ ಸಿಲೆಬಸ್ಸಿನಾಗ ಇಲ್ಲ.” ನಮ್ಮಮ್ಮನಿಗೆ ಈ ಇಡೀ ವ್ಯವಹಾರವೇ ಹಾಸ್ಯ. “ಎಲ್ಲಾರ ಮನಿ ದ್ವಾಸಿನೂ ತೂತ. ಅದನ್ನ ನೋಡಾಕ ಮಾಸ್ತರ ಯಾಕ ಬೇಕು, ಕಣ್ಣಿದ್ರ ಸಾಕು” ಎನ್ನುತ್ತಿದ್ದಳು.

ಈಗ ಆತ್ಯಾ. ಮದುವೆಯಾಗಿ ಕೆಲವೇ ವರ್ಷಕ್ಕೆ ಆಕೆಯ ಗಂಡ ರಸ್ತೆ ಅಪಘಾತದಲ್ಲಿ ಹೋದರು. ಅಪ್ಪ ಅವಳನ್ನು ಮನೆಗೆ ಕರೆತಂದ. ಮಕ್ಕಳಿರಲಿಲ್ಲ. ದಿಲ್‌ಸುಖ್‌ನಗರದ ಮುಖ್ಯರಸ್ತೆಯಲ್ಲಿ ರಕ್ತ ಪರೀಕ್ಷೆಯ ಒಂದು ಲ್ಯಾಬಿನ ಕೌಂಟರಿನಲ್ಲಿ ಕೂರುತ್ತಿದ್ದಳು. ನಮ್ಮ ಮನೆಯಲ್ಲಿ ಅವಳಿಗೆ ಯಾರೂ ಒಂದು ಗಟ್ಟಿ ಮಾತಾಡಿದವರಲ್ಲ. ಅವಳು ಒಳಗೆ ಬಂದರೆ ಅಪ್ಪ ಟಿವಿಯ ಧ್ವನಿ ಇಳಿಸುತ್ತಿದ್ದ. ನಾನೂ ಅಮ್ಮನೂ ಏನೋ ಹೇಳಿ ನಗುತ್ತಿದ್ದರೆ ಬಾಗಿಲಲ್ಲಿ ಅವಳ ಚಪ್ಪಲಿ ಸದ್ದಾದ ಕೂಡಲೇ ನಿಲ್ಲಿಸುತ್ತಿದ್ದೆವು. ಅದು ನಮ್ಮ ಪ್ರೀತಿ. ಹಾಗೆ ಮಾಡಿ ಎಂದು ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಆ ಲ್ಯಾಬಿಗೆ ತಿಂಗಳಿಗೊಮ್ಮೆ ಸಕ್ಕರೆ ಪರೀಕ್ಷೆಗೆ ಒಬ್ಬರು ಬರುತ್ತಿದ್ದರು. ಸರ್ಕಾರಿ ಕಚೇರಿಯೊಂದರಲ್ಲಿ ಕೆಲಸ, ಹೆಂಡತಿ ತೀರಿಕೊಂಡಿದ್ದರು, ಮಿಯಾಪುರದಲ್ಲಿ ಸ್ವಂತ ಫ್ಲ್ಯಾಟು. ತೆಲುಗಿನವರು. ಆತ್ಯಾಗಿಂತ ಹದಿನಾಲ್ಕು ವರ್ಷ ದೊಡ್ಡವರು. ರಕ್ತ ಕೊಟ್ಟು ಹೋಗುವಾಗ ಪ್ರತಿ ಸಲ, ಶೀಶೆಯ ಮುಚ್ಚಳ ಗಟ್ಟಿಯಾಗಿ ಹಾಕಿ ಮೇಡಂ, ಇಲ್ಲದಿದ್ದರೆ ಇರುವೆ ಮುತ್ತುತ್ತವೆ ಎನ್ನುತ್ತಿದ್ದರಂತೆ. ಒಂದು ದಿನ ಆತ್ಯಾ ಊಟಕ್ಕೆ ಕೂತಾಗ ಅಪ್ಪನಿಗೆ ನೇರವಾಗಿ ಹೇಳಿದಳು, “ಅಣ್ಣಾ, ನಾ ಅವರನ್ನ ಮದಿವಿ ಆಗ್ತೀನಿ.”

ಅಪ್ಪ ಕೆಟ್ಟವನಲ್ಲ. ಅದನ್ನು ಇಲ್ಲಿ ಬರೆಯಲೇಬೇಕು. ಜಾತಿ, ಭಾಷೆ ಎಂದು ಒಂದೆರಡು ದಿನ ಗೊಣಗಿದ, ಆದರೆ ಅವನ ನಿಜವಾದ ಹೆದರಿಕೆ ಬೇರೆ. ಅಜ್ಜಿ ಸಾಯುವಾಗ ಅವನ ಕೈ ಹಿಡಿದು ಮಗಳನ್ನು ಒಬ್ಬಂಟಿ ಮಾಡಬೇಡ ಎಂದಿದ್ದಳು. ಒಮ್ಮೆ ಗಂಡನನ್ನು ಕಳೆದುಕೊಂಡವಳು ಇನ್ನೊಮ್ಮೆ ಕಳೆದುಕೊಂಡರೆ? ಅಪ್ಪ ಜ್ಯೋತಿಷ್ಯ ನಂಬುವವನಲ್ಲ. ಹಾಗಾಗಿ ಅವನಿಗೆ ಉಳಿದದ್ದು ಸರ್ ಒಬ್ಬರೇ. “ಮಾಸ್ತರ ಏನಂತಾರೋ ಹಂಗ” ಎಂದ. ಸರ್ ಹೂಂ ಎಂದರೆ ಮದುವೆ, ಊಹೂಂ ಎಂದರೆ ಇಲ್ಲ. ಅಷ್ಟರಮಟ್ಟಿಗೆ ಅವಳ ಬದುಕು ಆ ಭಾನುವಾರ ನಮ್ಮ ಮನೆಯ ಮುಂದಿನ ಕೋಣೆಗೆ ಬಂದು ಕೂತಿತ್ತು.

ಸರ್ ಬಂದರು. ಕುರ್ಚಿಯ ತುದಿಯಲ್ಲಿ ಕೂತರು. ನಾನು ಅಡುಗೆಮನೆಯ ಬಾಗಿಲಲ್ಲಿದ್ದೆ.

“ಹೇಳ್ರಿ ಅಣ್ಣಾರ. ಗುರಿ ಮದ್ಲ.”

ಅಪ್ಪ ಹಿಂದಿನ ದಿನವೇ ಯೋಚಿಸಿಟ್ಟುಕೊಂಡಂತೆ ಹೇಳಿದ. “ನಾ ಇರೂತನಾ ಚಿಂತಿ ಇಲ್ರಿ. ನನ್ನ ಮ್ಯಾಲೆ ಆಕಿ ಒಬ್ಬಾಕಿ ಆಗಬಾರದು. ಮುಪ್ಪಿನಾಗ ಒಂದು ಜೋಡಿ ಇರಬೇಕು.”

“ಪ್ಲಾನು?”

ಅಪ್ಪ ಅದನ್ನೂ ಹೇಳಿದ. ವಯಸ್ಸು, ಸಕ್ಕರೆ ಕಾಯಿಲೆ, ಮಿಯಾಪುರ, ಏನನ್ನೂ ಮುಚ್ಚಿಡಲಿಲ್ಲ, ಏನನ್ನೂ ಹೆಚ್ಚಿಸಲಿಲ್ಲ. ಸರ್ ಕಣ್ಣು ಮುಚ್ಚಿದ್ದರು. ಅವರು ಕಣ್ಣು ತೆರೆಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

“ತೂತು ದೊಡ್ಡದೈತ್ರಿ” ಎಂದರು. “ಮುಪ್ಪಿನಾಗ ಜೋಡಿ ಬೇಕಂತೀರಿ. ನೀವು ಹೇಳೂ ಜೋಡಿ ಆಕಿಗಿಂತ ಮದ್ಲ ಅಲ್ಲಿ ಹೋಗಿ ಕುಂತಾರ. ಸಕ್ಕರಿ ಬ್ಯಾರೆ. ಈ ಪ್ಲಾನಿನಿಂದ ಈ ಗುರಿ ಮುಟ್ಟೂದಿಲ್ಲ.”

ಅಪ್ಪ ತಲೆಯಾಡಿಸಿದ. ಗೆದ್ದವನ ಮುಖವಲ್ಲ ಅದು. ತಾನು ಹೆದರಿದ್ದು ನಿಜವೆಂದು ಡಾಕ್ಟರು ಹೇಳಿದಾಗ ಆಗುವ ಮುಖ. “ಹಂಗಾರ ಬಿಡೂಣು” ಎಂದ ಮೆಲ್ಲಗೆ. ಒಳಗಿನಿಂದ ಅಮ್ಮ, “ಚಾ ಆರಾಕತ್ತೈತಿ, ಒಯ್ಯಿರಿ ಯಾರರ” ಎಂದಳು. ಆತ್ಯಾ ಒಯ್ದಳು. ಕಪ್ಪು ಸರ್ ಕೈಗೆ ಕೊಟ್ಟು ಅಲ್ಲೇ ನಿಂತಳು.

“ಮಾಸ್ತರ, ಒಂದು ಕೇಳ್ಲಿ? ಆ ಗುರಿ ನಿಮಗ ಯಾರು ಹೇಳಿದ್ರು?”

“ನಿಮ್ಮ ಅಣ್ಣಾರ ಹೇಳಿದ್ರಲ್ಲ, ಈಗ.”

“ಮದಿವಿ ಯಾರದು?”

ಸರ್ ಕಪ್ಪನ್ನು ಬಾಯಿಯ ಹತ್ತಿರ ತಂದವರು ಹಾಗೇ ಹಿಡಿದರು. ಅಪ್ಪ ಏನೋ ಹೇಳಹೋದ. ಆತ್ಯಾ ಅವನ ಕಡೆ ತಿರುಗಿದಳು.

“ಅಣ್ಣಾ, ನೀ ನನ್ನ ಹೂವಿನ್ಹಂಗ ಇಟ್ಟೀದಿ. ನಾ ಇಲ್ಲ ಅನ್ನಂಗಿಲ್ಲ. ಆದ್ರ ಈ ಮನ್ಯಾಗ ನನ್ನ ಮುಂದ ಯಾರೂ ನಗೂದಿಲ್ಲ. ನಾ ಬಂದ್ನಿ ಅಂದ್ರ ಟಿವಿ ಸಹಿತ ಸಣ್ಣ ದನಿಲೆ ಮಾತಾಡ್ತೈತಿ. ಸತ್ತಾಂವ ನನ್ನ ಗಂಡ, ನಾ ಅಲ್ಲ. ಆ ಮನಷ್ಯಾ ಬಂದು ಇರುವಿ ಮುತ್ತತಾವ ಅಂದಾಗ ನನಗ ನಗು ಬರ್ತೈತಿ. ಕೌಂಟರಿನ್ಯಾಗ ಕುಂತು ನಕ್ಕೊಂತ ಇರ್ತೀನಿ. ನನಗ ಅದು ಬೇಕು. ಅಷ್ಟ.”

“ಮತ್ತ ಮುಂದ?” ಎಂದ ಅಪ್ಪ. “ಮುಂದ ಒಬ್ಬಾಕಿ ಆದ್ರ?”

“ಆಗ್ತೀನಿ. ಈಗೇನು ಜಾತ್ರಿಯಾಗ ಅದೀನೇನು?”

ಅಮ್ಮ ಒಳಗೆ ಏನನ್ನೋ ಜೋರಾಗಿ ತಿರುವುತ್ತಿದ್ದವಳು ನಿಲ್ಲಿಸಿದಳು. ಸರ್ ಕಪ್ಪನ್ನು ನೆಲದ ಮೇಲಿಟ್ಟರು. ಆಮೇಲೆ ಅವರು ಮಾಡಿದ್ದನ್ನು ನಾನು ತರಗತಿಯಲ್ಲಿ ಎಂದೂ ಕಂಡಿರಲಿಲ್ಲ. ಅಂಗೈಯಿಂದ ಹಣೆ ಬಡಿದುಕೊಂಡರು. “ನಂದ ತಪ್ಪಾತ್ರಿ ಅಕ್ಕಾರ. ದಿನಾ ಹುಡುಗ್ರಿಗೆ ಒದರ್ತೀನಿ, ಮದ್ಲ ಗುರಿ ಓದ್ರಿ, ಮದ್ಲ ಗುರಿ ಓದ್ರಿ ಅಂತ. ಗುರಿ ಯಾರದು ಅಂತ ಕೇಳೂದ ಮರ್ತೆ.” ಅಪ್ಪನ ಕಡೆ ತಿರುಗಿ, “ಅಣ್ಣಾರ, ಪ್ರಶ್ನಿ ಬದಲಾತು. ಇದರಾಗ ನನಗ ತೂತು ಕಾಣವಲ್ದು” ಎಂದರು.

ಇಷ್ಟು ಬರೆದು ಓದಿದರೆ ಎಲ್ಲವೂ ಜಾಗಕ್ಕೆ ಸರಿಯಾಗಿ ಕೂತಿದೆ. ಹಾಗೆ ಕೂತದ್ದೇ ನನಗೆ ಅನುಮಾನ. ಸರ್ ಅವರ ಪ್ರಶ್ನೆಯ ರೀತಿಯಲ್ಲೇ ಕೇಳಿಕೊಳ್ಳುತ್ತೇನೆ. ಮೇಲಿನ ನೆನಪಿನ ದೌರ್ಬಲ್ಯವನ್ನು ಕೆಳಗಿನವುಗಳಲ್ಲಿ ಯಾವುದು ತೋರಿಸುತ್ತದೆ? (ಅ) ಅಪ್ಪನ ಪ್ರಕಾರ ಸರ್ ಮೊದಲಿನಿಂದಲೂ ಮದುವೆಯ ಪರವಾಗಿದ್ದರು, ತೂತಿನ ಮಾತೇ ಎತ್ತಲಿಲ್ಲ. (ಆ) ಅಮ್ಮನ ಪ್ರಕಾರ ಅಂದು ಹಾಲು ಒಡೆದಿತ್ತು, ಚಹಾ ಮಾಡಿಯೇ ಇರಲಿಲ್ಲ. (ಇ) ಆತ್ಯಾಳ ಪ್ರಕಾರ ಅವಳು ಅಷ್ಟೊಂದು ಮಾತಾಡಲಿಲ್ಲ, ಅರ್ಧಕ್ಕೇ ಅತ್ತಳು. (ಈ) ‘ಮದಿವಿ ಯಾರದು’ ಎಂಬ ಚುರುಕು ಮಾತನ್ನು ವರ್ಷಗಳ ನಂತರ ನಾನೇ ಸೇರಿಸಿರಬಹುದು. (ಉ) ನಾನು ಆ ಬಾಗಿಲಲ್ಲಿ ಇರಲೇ ಇಲ್ಲ. ಐದನೆಯದೊಂದು ಸುಳ್ಳು ಎಂದು ಆಣೆ ಮಾಡಬಲ್ಲೆ. ಉಳಿದ ನಾಲ್ಕರ ಬಗ್ಗೆ… ಇರಲಿ. ಆ ಸಂಜೆ ಆತ್ಯಾ ಕೋಣೆಗೆ ಬಂದಾಗ ಅಪ್ಪ ರಿಮೋಟು ತೆಗೆದುಕೊಂಡು ಟಿವಿಯ ಧ್ವನಿ ಏರಿಸಿದ. ಅದರಲ್ಲಿ ಯಾವುದೋ ಬೆಲೆಯೇರಿಕೆಯ ವಾರ್ತೆ ಬರುತ್ತಿತ್ತು, ನಗುವಂಥದ್ದೇನೂ ಇರಲಿಲ್ಲ. ಆದರೂ ಏರಿಸಿದ, ಪಕ್ಕದ ಮನೆಯವರಿಗೆ ಕೇಳುವಷ್ಟು. ಇದರ ಬಗ್ಗೆ ನಮ್ಮ ಮನೆಯಲ್ಲಿ ಭಿನ್ನಾಭಿಪ್ರಾಯ ಇಲ್ಲ.

ಮದುವೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಆಯಿತು. ಸಾಕ್ಷಿಯಾಗಿ ಅಪ್ಪ ಸಹಿ ಹಾಕಿದ. ಆತ್ಯಾಳ ಗಂಡನನ್ನು ನಾನು ಮಾಮಾ ಎಂದು ಕರೆಯತೊಡಗಿದೆ. ಮಾಮಾ ನಮ್ಮ ಮನೆಗೆ ಬಂದರೆ ಅಮ್ಮ ಅಡುಗೆಮನೆಯಲ್ಲಿ ಒಲೆ ಆರಿಸಿ ಹೊರಗೆ ಬಂದು ಕೂರುತ್ತಿದ್ದಳು, ಅವರ ಒಂದು ಮಾತೂ ತಪ್ಪಬಾರದೆಂದು. ತೆಲುಗು ಬಾರದ ನಮ್ಮ ಅಮ್ಮನಿಗೆ ಅವರ ಅರ್ಧ ಮಾತು ತಿಳಿಯುತ್ತಿರಲಿಲ್ಲ, ಆದರೂ ಎಲ್ಲರಿಗಿಂತ ಮೊದಲು ನಗುತ್ತಿದ್ದಳು.

ಸರ್ ಭಾನುವಾರದ ತಮ್ಮ ಕೆಲಸವನ್ನು ನಿಲ್ಲಿಸಲಿಲ್ಲ. ಆದರೆ ಒಂದು ಹೊಸ ಷರತ್ತು ಹಾಕಿದರು. ಯೋಜನೆಯಲ್ಲಿ ಯಾರ್ಯಾರು ಬದುಕಬೇಕೋ ಅವರೆಲ್ಲ ಬರಬೇಕು, ಒಬ್ಬೊಬ್ಬರೂ ತಮ್ಮ ಗುರಿ ಹೇಳಬೇಕು. ಹೆಂಡತಿ, ಮಕ್ಕಳು, ಮುದುಕರು ಎಲ್ಲರೂ. ಇದಾದ ಮೇಲೆ ಬರುವವರು ಕಡಿಮೆಯಾದರು. ಜಾತಕ ತೋರಿಸಲು ಹೋದವರಿಗೆ ಮನೆಮಂದಿಯ ಬಾಯಿ ಬಿಡಿಸುವುದು ಬೇಕಿರಲಿಲ್ಲ. ಒಂದಿಬ್ಬರು ಬಂದು ಅಲ್ಲೇ ಜಗಳವಾಡಿಕೊಂಡು ಹೋದರಂತೆ. ಅಷ್ಟರಲ್ಲಿ ನನಗೆ ಬ್ಯಾಂಕಿನ ಕೆಲಸ ಸಿಕ್ಕಿತ್ತು, ವರಂಗಲ್ಲು, ಖಮ್ಮಂ ಎಂದು ವರ್ಗವಾಗುತ್ತ ಹೋದೆ, ಹೈದರಾಬಾದಿಗೆ ಮರಳಿದ್ದು ಈಚೆಗೆ. ಸರ್ ಸುದ್ದಿ ಯಾವಾಗಲಾದರೂ ಕಿವಿಗೆ ಬೀಳುತ್ತಿತ್ತು… ಆಮೇಲೆ ಬೀಳುವುದೂ ನಿಂತಿತು.

ಮೂರು ವರ್ಷದ ಹಿಂದೆ ಮಾಮಾ ಹೋದರು. ಸಕ್ಕರೆ ಮೂತ್ರಪಿಂಡಕ್ಕೆ ಇಳಿದಿತ್ತು. ಸರ್ ಆ ಭಾನುವಾರ ಕಣ್ಣು ತೆರೆದು ಹೇಳಿದ್ದು ಒಂದಕ್ಷರ ತಪ್ಪದೆ ನಡೆಯಿತು. ಅಪ್ಪ ಮಣ್ಣು ಮುಗಿಸಿ ಬಂದು ಮಿಯಾಪುರದ ಫ್ಲ್ಯಾಟಿನ ಬಾಲ್ಕನಿಯಲ್ಲಿ ನಿಂತು, “ಮಾಸ್ತರು ಹೇಳಿದ್ರು” ಎಂದ. ಯಾರನ್ನೂ ಚುಚ್ಚಲು ಹೇಳಿದ್ದಲ್ಲ. ಹೇಳಿ ಅತ್ತ. ನಮ್ಮ ಮನೆಗೆ ವಾಪಸು ಬಾ ಎಂದು ಆತ್ಯಾಳನ್ನು ಕರೆದ. ಅವಳು ಬರಲಿಲ್ಲ.

ರೈಲು ಮಿಯಾಪುರ ಮುಟ್ಟಿದಾಗ ಸಂಜೆ ಐದರ ಬಿಸಿಲು ಇನ್ನೂ ಇತ್ತು. ಆತ್ಯಾ ಬಾಗಿಲು ತೆರೆದು ನನ್ನನ್ನು ನೋಡಿ ಏನೋ ಆಗಿದೆ ಎಂದು ತಿಳಿದುಕೊಂಡಳು. ಹೇಳಿದೆ. ಅವಳು ಸೋಫಾದ ಕೈ ಹಿಡಿದು ನಿಧಾನಕ್ಕೆ ಕೂತಳು.

“ಅದಕ್ಕ ಬರಲಿಲ್ಲ” ಎಂದಳು. “ಎರಡು ತಿಂಗಳಾತು. ಫೋನ್ ಹಚ್ಚಿದ್ರ ಬಂದ್ ಇತ್ತು. ಊರಿಗೆ ಹೋಗಿರಬೇಕು ಅಂತ ಸುಮ್ನಾದ್ನಿ.”

ಯಾರು ಬರಲಿಲ್ಲ ಎಂದು ನನಗೆ ತಿಳಿಯಲಿಲ್ಲ. ಕೇಳಿದೆ.

ಮಾಮಾ ಹೋದ ಮೇಲೆ ಸರ್ ಒಮ್ಮೆ ಮಾತಾಡಿಸಲು ಬಂದಿದ್ದರಂತೆ. ನನ್ನ ಉತ್ತರ ಸರಿಯಾಗಿದ್ದಕ್ಕೆ ಇಷ್ಟು ಬೇಸರ ಎಂದೂ ಆಗಿರಲಿಲ್ಲ ಎಂದರಂತೆ. ನೀವು ಕೇಳಿದ್ದು ನಿಮಗೆ ಸಿಕ್ಕಿತೇ ಎಂದು ಕೇಳಿದರಂತೆ. “ದಿನಾ ಅಲ್ರಿ. ನಡು ನಡುವ ಭಾಳ ಸಿಕ್ತು” ಎಂ‍ದಿದ್ದಳು ಆತ್ಯಾ. ಸರ್ ಎದ್ದು ಹೋದರು. ಮುಂದಿನ ತಿಂಗಳು ಮತ್ತೆ ಬಂದರು. ಬಾಗಿಲು ಪೂರ್ತಿ ತೆರೆದಿಟ್ಟು, ಕುರ್ಚಿಯ ತುದಿಯಲ್ಲಿ ಕೂತು, ಗಂಟಲು ಸರಿಮಾಡಿಕೊಂಡು, “ಅಕ್ಕಾರ, ಒಂದು ಹಾಸ್ಯ ಕಲ್ತು ಬಂದೀನಿ” ಎಂದರು.

“ಸರ್?” ಎಂದೆ. “ಹಾಸ್ಯ?”

“ಹೂಂ. ತಿಂಗಳಿಗೊಂದು. ಇಲ್ಲಿತನಾ ರೈಲಿನಾಗ ಬಾಯಿಪಾಠ ಮಾಡ್ಕೊಂತ ಬರ್ತಿದ್ರು. ಒಂದೂ ನೆಟ್ಟಗ ಹೇಳಾಕ ಬರ್ತಿರಲಿಲ್ಲ ಅವರಿಗೆ. ನಡುವ ನಿಂತು, ‘ತಡೀರಿ, ಇದರಾಗ ಒಂದು ತಪ್ಪೈತಿ’ ಅಂತ ತಾವ ತೂತು ಹುಡಕಾಕ ಕುಂದರ್ತಿದ್ರು.” ಆತ್ಯಾ ಸೆರಗಿನಿಂದ ಮೂಗು ಒರೆಸಿಕೊಂಡಳು. “ನಿಮಗ್ಯಾರಿಗೂ ಹೇಳಲಿಲ್ಲ. ಜನ ಏನರ ಅಂತಾರ.”

ಇಲ್ಲಿ ಒಂದು ಕಥೆ ಹುಟ್ಟಿಸಬಹುದು. ಮದುವೆಯಾಗದ ಮಾಸ್ತರು, ಎರಡು ಸಲ ಗಂಡನನ್ನು ಕಳೆದುಕೊಂಡವಳು, ತೆರೆದ ಬಾಗಿಲು. ಆ ಕಥೆ ನನಗೆ ಬೇಡ. ನನಗೆ ಗೊತ್ತಿದ್ದ ಸರ್ ನಗುತ್ತಿರಲಿಲ್ಲ ಎಂದು ಮೇಲೆ ಬರೆದಿದ್ದೇನೆ, ಅದನ್ನು ತಿದ್ದುವುದೂ ಇಲ್ಲ. ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ, ರೈಲಿನ ಕಂಬ ಹಿಡಿದು ನಿಂತು, ತುಟಿ ಅಲ್ಲಾಡಿಸುತ್ತ ಒಂದು ಹಾಸ್ಯವನ್ನು ಉರುಹೊಡೆಯುತ್ತಿದ್ದ ಆ ಮನುಷ್ಯನನ್ನು ನಾನು ನೋಡಲೇ ಇಲ್ಲ.

“ಕಡೀ ಸಲ ಬಂದಾಗ ಏನು ಹೇಳಿದ್ರು?” ಎಂದು ಕೇಳಿದೆ.

ಆತ್ಯಾ ನೆಟ್ಟಗೆ ಕೂತಳು. ಸರ್ ಹೇಗೆ ಕೂರುತ್ತಿದ್ದರೋ ಹಾಗೆ, ತುದಿಯಲ್ಲಿ. “ಒಬ್ಬಾಂವ ಕಲಬುರ್ಗಿಯಾಗ ರೈಲು ಹತ್ತಿದನಂತ. ಕೈಯಾಗ ಮೂರು ಛತ್ರಿ. ಟೀಸಿ ಬಂದು ಕೇಳಿದನಂತ, ಯಾಕಪಾ, ಒಬ್ಬಾಂವಗ ಮೂರು ಛತ್ರಿ ಯಾಕ? ಅಂವಾ ಅಂದನಂತ, ಒಂದು ಹೋಗೂ ಮುಂದ ಮರತು ಬರಾಕ, ಒಂದು ಬರೂ ಮುಂದ ಮರತು ಬರಾಕ…” ಅಷ್ಟರಲ್ಲೇ ಅವಳಿಗೆ ನಗು ಶುರುವಾಗಿತ್ತು. ಕಣ್ಣಲ್ಲಿ ನೀರೂ ಇತ್ತು.

“ಮತ್ತ ಮೂರನೇದು?”

ಆತ್ಯಾ ಕಣ್ಣೊರೆಸಿಕೊಂಡಳು. “ಅದನ್ನ ಹೇಳಾಕ ಹೋಗಿ ಅವರೂ ಮರ್ತುಬಿಟ್ರು. ಮುಂದಿನ ತಿಂಗಳು ನೆನಪು ಮಾಡ್ಕೊಂಡು ಬಂದು ಹೇಳ್ತೀನಿ ಅಂದ್ರು.”

ನಾವಿಬ್ಬರೂ ಮೂರನೆಯ ಛತ್ರಿ ಯಾಕಿರಬಹುದೆಂದು ಬಹಳ ಹೊತ್ತು ಯೋಚಿಸಿದೆವು. ಅವಳು ಒಂದು ಹೇಳಿದಳು, ನಾನು ಒಂದು ಹೇಳಿದೆ. ಯಾವುದೂ ಸರಿಹೋಗಲಿಲ್ಲ. ಆಮೇಲೆ ಆತ್ಯಾ ಎದ್ದು, ಕತ್ತಲಾಗುವ ಮೊದಲು ಹೊರಡು ಎಂದು ನನ್ನ ಚೀಲವನ್ನು ಕೈಗೆ ಕೊಟ್ಟಳು.